ಜಯನಗರದಲ್ಲಿ ಕೂತು ಅಮೆರಿಕದ ವೋಟು ಹಾಕುವುದು ಹೇಗೆ?

ನಮ್ಮಕ್ಕ ಕನ್ನಡದಲ್ಲಿ ಸಹಿ ಹಾಕುತ್ತಾಳೆ. ಅಮೆರಿಕದಿಂದ ವಾಪಸ್ ಬಂದ ಮೇಲೆ ಹಟ ಹಿಡಿದು ಮಾಡಿಕೊಂಡ ಅಭ್ಯಾಸ ಅದು. 2024ರಲ್ಲಿ ಅಲ್ಲಿನ ಅಧ್ಯಕ್ಷರ ಚುನಾವಣೆಗೆ ಮತಪತ್ರ ತುಂಬಿ, ಕವರ್ ಮೇಲೂ ಅದೇ ದುಂಡು ಸಹಿ ಹಾಕಿ ಕಳಿಸಿದಳು. ಮೂರು ವಾರಕ್ಕೆ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಚುನಾವಣಾ ಕಚೇರಿಯಿಂದ ಇಮೇಲ್ ಬಂತು. ನಮ್ಮಲ್ಲಿರುವ ಸಹಿಗೂ ಇದಕ್ಕೂ ತಾಳೆಯಾಗುತ್ತಿಲ್ಲ ಅಂತ. ಅವರ ಹತ್ತಿರ ಇದ್ದದ್ದು ಇಪ್ಪತ್ತು ವರ್ಷದ ಹಿಂದೆ ಡ್ರೈವಿಂಗ್ ಲೈಸೆನ್ಸ್‌ಗೆ ಗೀಚಿದ್ದ ಇಂಗ್ಲಿಷ್ ಸಹಿ. ಇನ್ನು ಹದಿನೈದು ದಿನ ಇತ್ತು, ಹೇಗೋ ಸರಿಹೋಯಿತು.

ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡಿರುವುದೇ ನನ್ನ ತಪ್ಪು. ನಮ್ಮ ಬೀದಿಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇರುವ ನಾಲ್ಕೈದು ಮನೆಯವರೂ ಈ ಕೆಲಸಕ್ಕೆ ನನ್ನಲ್ಲಿಗೇ ಬರುತ್ತಾರೆ. ಯಾರಿಗೆ ವೋಟು ಅನ್ನುವುದನ್ನು ಎಲ್ಲರೂ ವರ್ಷಗಟ್ಟಲೆ ಮಾತಾಡಿರುತ್ತಾರೆ. ಕವರ್ ಬಗ್ಗೆ ಒಬ್ಬರೂ ಯೋಚಿಸಿರುವುದಿಲ್ಲ. ಈ ವರ್ಷ (2026) ನವೆಂಬರ್ 3ಕ್ಕೆ ಅಲ್ಲಿ ಮತ್ತೆ ಚುನಾವಣೆ. ಕೆಳಮನೆಯ 435 ಸ್ಥಾನಕ್ಕೂ, ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಮೊದಲು, ನಿಮಗೆ ವೋಟಿದೆಯಾ?

ಅಮೆರಿಕದ ಪೌರತ್ವ ಇದ್ದು, 18 ತುಂಬಿದ್ದರೆ ಇದೆ. ಗ್ರೀನ್ ಕಾರ್ಡ್‌ಗೆ ಇಲ್ಲ. ಗೊತ್ತಿಲ್ಲದೆ ಹಾಕಿದೆ ಅಂದರೂ ಕೇಸಾಗಬಹುದು, ಕಾರ್ಡೇ ಹೋಗಬಹುದು. ಆ ಸಾಹಸ ಬೇಡ. ಇನ್ನೊಂದು ವಿಷಯ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರಿಗೆ ಇಲ್ಲಿ ವೋಟಿಲ್ಲ. ಪೌರತ್ವ ಬದಲಾದ ಮೇಲೂ ಇಲ್ಲಿನ ಹಳೇ ಮತದಾರರ ಗುರುತಿನ ಚೀಟಿಯನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವ ಹಿರಿಯರನ್ನು ನೋಡಿದ್ದೇನೆ. ನಮೂನೆ 7 ಕೊಟ್ಟು ಇಲ್ಲಿನ ಪಟ್ಟಿಯಿಂದ ಹೆಸರು ತೆಗೆಸಿ.

ಅರ್ಜಿ

ಇದರ ಹೆಸರು ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಶನ್. ಎಲ್ಲರೂ ಎಫ್‌ಪಿಸಿಎ ಅನ್ನುತ್ತಾರೆ. ಹೆಸರು ನೋಂದಾಯಿಸುವುದು, ಮತಪತ್ರ ಕೇಳುವುದು ಎರಡೂ ಇದೊಂದರಲ್ಲೇ ಆಗುತ್ತದೆ. ಎಫ್‌ವಿಎಪಿ ಡಾಟ್ ಗವ್ ಎಂಬ ಸರ್ಕಾರಿ ತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಲೇಬೇಡಿ. ಪ್ರತಿ ವರ್ಷ ಜನವರಿಯಲ್ಲಿ ಹೊಸದಾಗಿ ಕಳಿಸಿ. ಹೋದ ಸಲ ಕಳಿಸಿದ್ದೆ ಅಂತ ಸುಮ್ಮನಿದ್ದವರಿಗೆ ಮತಪತ್ರ ಬರದೇ ಹೋಗಿರುವುದುಂಟು. ಈ ವರ್ಷ ಕಳಿಸಿಲ್ಲವಾ? ಇವತ್ತೇ ಕಳಿಸಿ.

ಇದರಲ್ಲಿ ಜನ ಎಡವುವುದು ಎರಡು ಕಡೆ. ಒಂದು, ವಿಳಾಸ. ಅಮೆರಿಕದಲ್ಲಿ ನೀವು ಕೊನೆಗೆ ವಾಸವಿದ್ದ ಮನೆಯೇ ನಿಮ್ಮ ಮತದಾರ ವಿಳಾಸ. ಆ ಮನೆ ಮಾರಿದ್ದರೂ, ಈಗ ಬೇರೆಯವರು ಇದ್ದರೂ ಅದೇ. ನಮ್ಮ ಭಾವ ಅಲ್ಲಿನ ತಮ್ಮನ ಮನೆ ವಿಳಾಸ ಕೊಡೋಣ, ಆ ರಾಜ್ಯದಲ್ಲಿ ಪೈಪೋಟಿ ಜೋರು ಅಂದರು. ಆಗುವುದಿಲ್ಲ ಭಾವ, ಅದು ಸುಳ್ಳು ಹೇಳಿದ ಹಾಗೆ ಅಂದೆ. ಅಲ್ಲಿ ಯಾವತ್ತೂ ಇರದ ಮಕ್ಕಳಿಗೆ ಅಪ್ಪ ಅಮ್ಮನ ಹಳೇ ವಿಳಾಸದ ಮೇಲೆ ವೋಟು ಕೊಡುವ ರಾಜ್ಯಗಳೂ ಇವೆ, ಕೊಡದವೂ ಇವೆ.

ಎರಡನೆಯದು, ವಾಪಸ್ ಹೋಗುವ ಉದ್ದೇಶ ಇದೆಯೋ, ಖಾತ್ರಿಯಿಲ್ಲವೋ ಅಂತ ಕೇಳುವ ಚೌಕ. ಸುಮ್ನೆ ಟಿಕ್ ಹಾಕಬೇಡಿ. ಖಾತ್ರಿಯಿಲ್ಲ ಅಂದರೆ ಕೆಲವು ರಾಜ್ಯಗಳು ಕೇಂದ್ರ ಸರ್ಕಾರದ ಹುದ್ದೆಗಳ ಮತಪತ್ರ ಮಾತ್ರ ಕಳಿಸುತ್ತವೆ. ವಾಪಸ್ ಹೋಗುತ್ತೇನೆ ಅಂದರೆ ಆ ರಾಜ್ಯದ ತೆರಿಗೆಯ ಮಾತು ಏಳಬಹುದು. ನಿಜ ಯಾವುದೋ ಅದನ್ನೇ ಬರೆಯಿರಿ, ತೆರಿಗೆ ನೋಡಿಕೊಳ್ಳುವವರಿಗೂ ಒಂದು ಮಾತು ಹೇಳಿ.

ಮತಪತ್ರ ಹೇಗೆ ಕಳಿಸಬೇಕು ಅಂತ ಕೇಳಿದಲ್ಲಿ ಇಮೇಲ್ ಅಂತಲೇ ಬರೆಯಿರಿ. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ‘ಮೂರನೇ ಮಹಡಿ, ಗಣೇಶನ ಗುಡಿ ಎದುರು’ ಅನ್ನುವ ವಿಳಾಸ ಅವರ ಕಂಪ್ಯೂಟರಿನಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಲೈಸೆನ್ಸ್ ನಂಬರೋ, ಸೋಶಿಯಲ್ ಸೆಕ್ಯುರಿಟಿಯ ಕೊನೇ ನಾಲ್ಕು ಅಂಕಿಯೋ ಹಾಕಿ, ಸಹಿ ಮಾಡಿ, ಸ್ಕ್ಯಾನ್ ಮಾಡಿ ಅಲ್ಲಿನ ಚುನಾವಣಾ ಕಚೇರಿಗೆ ಕಳಿಸಿ. ಕೆಲವು ಕಡೆ ಮೂಲ ಪ್ರತಿಯನ್ನೂ ಅಂಚೆಯಲ್ಲಿ ಕೇಳುತ್ತಾರೆ. ಅರ್ಜಿಗೆ ನೋಟರಿ ಬೇಕಿಲ್ಲ. ಒಬ್ಬ ಯಜಮಾನರು ಛಾಪಾ ಕಾಗದದ ಮೇಲೆ ಅಫಿಡವಿಟ್ ಬೇರೆ ಮಾಡಿಸಿಕೊಂಡು ಬಂದಿದ್ದರು, ಪಾಪ.

ಮತಪತ್ರ ಬಂದ ಮೇಲೆ

ಚುನಾವಣೆಗೆ 45 ದಿನ ಮೊದಲೇ ಹೊರದೇಶದವರಿಗೆ ಮತಪತ್ರ ಕಳಿಸಬೇಕು ಅಂತ ಅಲ್ಲಿ 2009ರಲ್ಲಿ ಕಾನೂನು ಆಗಿದೆ. ಈ ಸಲ ಅದು ಸೆಪ್ಟೆಂಬರ್ 19. ಪ್ರಿಂಟ್ ತೆಗೆಯುವಾಗ ‘ಫಿಟ್ ಟು ಪೇಜ್’ ಇರಲಿ. ಅವರ ಕಾಗದ ನಮ್ಮ ಎ4ಗಿಂತ ಆರು ಮಿಲಿಮೀಟರ್ ಅಗಲ, ಹಾಗೇ ತೆಗೆದರೆ ಅಂಚು ತುಂಡಾಗುತ್ತದೆ. ಕಪ್ಪು ಬಾಲ್‌ಪೆನ್ನಿನಲ್ಲಿ ಗುರುತು ಹಾಕಿ. ಜೆಲ್ ಪೆನ್ ಬೇಡ, ಹಿಂದಿನ ಪುಟಕ್ಕೂ ಇಳಿಯುತ್ತದೆ.

ಕವರ್: ನಿಧಾನ, ನಿಧಾನ

ಡೈನಿಂಗ್ ಟೇಬಲ್ ಮೇಲಿಂದ ಕಾಫಿ ಲೋಟ ಎತ್ತಿಡಿ. ಮುಂದೆ ಮೂರು ವಸ್ತು ಇರಬೇಕು. ಮತಪತ್ರ, ಅದನ್ನು ಮುಚ್ಚುವ ಒಳಕವರ್, ಸಹಿ ಮಾಡುವ ಘೋಷಣಾ ಪತ್ರ. ಇವೆಲ್ಲ ಹೋಗುವುದು ಹೊರಕವರಿನ ಒಳಗೆ. ಮತಪತ್ರದ ಮೇಲೆ ನಿಮ್ಮ ಹೆಸರಾಗಲಿ ಸಹಿಯಾಗಲಿ ಬೀಳಕೂಡದು. ಅದನ್ನು ಒಳಕವರಿಗೆ ಹಾಕಿ ಅಂಟಿಸಿ. ಘೋಷಣಾ ಪತ್ರ ಸಾಮಾನ್ಯವಾಗಿ ಒಳಕವರಿನ ಹೊರಗೇ ಇರಬೇಕು. ಯಾಕೆಂದರೆ ಅಲ್ಲಿ ಮೊದಲು ಸಹಿ ನೋಡುತ್ತಾರೆ, ಸರಿಯಿದ್ದರೆ ಮಾತ್ರ ಒಳಕವರ್ ಮುಂದಕ್ಕೆ ಹೋಗುತ್ತದೆ. ನಮ್ಮ ಬೀದಿಯ ಒಬ್ಬರು ಕಾಗದ ಒಟ್ಟಿಗಿರಲಿ ಅಂತ ಎರಡನ್ನೂ ಒಳಗೇ ತುರುಕಿ ಅಂಟಿಸಿಬಿಟ್ಟಿದ್ದರು. ಮತ್ತೆ ಪ್ರಿಂಟು, ಮತ್ತೆ ಗುರುತು, ಮತ್ತೆ ಕವರ್. ಕೆಲವು ರಾಜ್ಯ ಘೋಷಣೆಯನ್ನು ಕವರ್ ಮೇಲೇ ಅಂಟಿಸಲು ಹೇಳುತ್ತದೆ, ಕೆಲವು ಸಾಕ್ಷಿಯ ಸಹಿ ಕೇಳುತ್ತದೆ. ಇಮೇಲ್ ಜೊತೆ ಬಂದ ಸೂಚನೆಯನ್ನು ಎರಡು ಸಲ ಓದಿ.

ಈಗ ಸಹಿ. ಹಳೇ ಲೈಸೆನ್ಸೋ, ಅಲ್ಲಿನ ಯಾವುದಾದರೂ ಹಳೇ ಕಾಗದವೋ ಹುಡುಕಿ ಎದುರಿಗೆ ಇಟ್ಟುಕೊಳ್ಳಿ. ರದ್ದಿ ಹಾಳೆ ಮೇಲೆ ಐದಾರು ಸಲ ಬರೆದು ಕೈ ಪಳಗಿಸಿ, ಆಮೇಲೆ ಹಾಕಿ. ನಿಮ್ಮದೇ ಸಹಿ ನೀವೇ ಕಾಪಿ ಹೊಡೆಯುವುದು ತಮಾಷೆ ಅನಿಸುತ್ತದೆ ಅಲ್ವಾ? ಅಕ್ಕನೂ ನಕ್ಕಳು. ಆಮೇಲೆ ಲೈಸೆನ್ಸಿನ ಫೋಟೊ ಫೋನಿನಲ್ಲಿ ಇಟ್ಟುಕೊಂಡಳು. ಗಂಡ ಹೆಂಡತಿ ಒಂದೇ ಹೊತ್ತಿಗೆ ಮಾಡುತ್ತಿದ್ದರೆ ಕವರ್ ಅದಲುಬದಲಾಗದ ಹಾಗೆ ಬೇರೆ ಬೇರೆ ಕಡೆ ಕೂತುಕೊಳ್ಳಿ.

ಸಹಿಯ ಪಕ್ಕ ತಾರೀಕು. ಅಮೆರಿಕದವರಿಗೆ ತಿಂಗಳು ಮೊದಲು, ದಿನ ಆಮೇಲೆ. ಅಕ್ಟೋಬರ್ 4ನ್ನು ನಾವು 04/10 ಅಂತ ಬರೆದರೆ ಅವರು ಏಪ್ರಿಲ್ 10 ಅಂತ ಓದುತ್ತಾರೆ. ಮತಪತ್ರವೇ ಹೊರಡದ ತಿಂಗಳಲ್ಲಿ ಸಹಿ ಹೇಗೆ ಬಂತು ಅಂತ ಅವರು ಕೇಳದೆ ಬಿಡುತ್ತಾರಾ? ಬಾಯಲ್ಲಿ ‘ಅಕ್ಟೋಬರ್, ನಾಲ್ಕು’ ಅಂತ ಹೇಳಿಕೊಂಡೇ ಬರೆಯಿರಿ.

ಹೊರಕವರಿಗೆ ಅಂಗಡಿಯ ತೆಳು ಬಿಳಿ ಕವರ್ ತರಬೇಡಿ. ಅದರ ಗೋಂದು ನಮ್ಮ ಮಳೆಗೇ ಬಿಟ್ಟುಕೊಳ್ಳುತ್ತದೆ. ಒಳಗೆ ಬಟ್ಟೆ ಇರುವ ಕ್ಲಾತ್ ಕವರ್ ಕೇಳಿ, ಬಾಯಿಗೆ ಒಂದು ಗೆರೆ ಫೆವಿಕಾಲ್ ಎಳೆದು ಒಣಗಲು ಬಿಡಿ. ಸೆಲ್ಲೋ ಟೇಪ್ ಸುತ್ತಬೇಡಿ, ಯಾರೋ ಬಿಚ್ಚಿ ಮುಚ್ಚಿದ ಹಾಗೆ ಕಾಣುತ್ತದೆ.

ಕಳಿಸುವುದು

ಇಮೇಲ್, ಫ್ಯಾಕ್ಸ್ ಇಲ್ಲವೇ ಅವರದೇ ತಾಣದಲ್ಲಿ ವಾಪಸ್ ಪಡೆಯುವ ರಾಜ್ಯ ನಿಮ್ಮದಾದರೆ ಅದೃಷ್ಟ. ಮಿಕ್ಕವರು ಕವರ್ ಹಿಡಿದು ರಾಜಭವನ ರಸ್ತೆಯ ಜಿಪಿಒಗೆ ಹೋಗಿ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಮಾಡಿ. ಅವರು ಕಳಿಸಿದ ಕವರಿನ ಮಾದರಿಯಲ್ಲಿ ಅಂಚೆಚೀಟಿ ಬೇಡ ಅಂತ ಅಚ್ಚಾಗಿರುತ್ತದೆ. ಅದು ಅಮೆರಿಕದ ಅಂಚೆಗೆ ಮಾತ್ರ, ನಮ್ಮ ಕೌಂಟರಿನಲ್ಲಿ ಅದನ್ನು ತೋರಿಸಿ ವಾದ ಮಾಡಬೇಡಿ. 2025ರಲ್ಲಿ ಸುಂಕದ ಗಲಾಟೆಯಿಂದ ಭಾರತೀಯ ಅಂಚೆ ಆಗಸ್ಟ್ ಕೊನೆಗೆ ಅಮೆರಿಕದ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ ಮಧ್ಯಕ್ಕೆ ಮತ್ತೆ ಶುರು ಮಾಡಿತ್ತು. ಹಾಗಾಗಿ ಹೊರಡುವ ಮೊದಲು ಒಂದು ಸಲ ವಿಚಾರಿಸಿ. ಖಾಸಗಿ ಕೊರಿಯರ್ ಬೇಗ ಹೋಗುತ್ತದೆ, ಆದರೆ ಪೋಸ್ಟ್ ಬಾಕ್ಸ್ ವಿಳಾಸಕ್ಕೆ ಅವರು ತಲುಪಿಸುವುದಿಲ್ಲ. ಕೌಂಟಿ ಕಚೇರಿಯ ರಸ್ತೆ ವಿಳಾಸ ಕೇಳಿ ತರಿಸಿಕೊಳ್ಳಿ. ಚೆನ್ನೈನ ಕಾನ್ಸುಲೇಟ್ ಮೂಲಕವೂ ಕಳಿಸಬಹುದು, ಅದಕ್ಕೆ ನಾಲ್ಕು ವಾರ ಹಿಡಿದರೂ ಹಿಡಿಯಿತು.

ಅಕ್ಟೋಬರ್ ಶುರುವಾದರೂ ಮತಪತ್ರ ಬಂದಿಲ್ಲವಾ? ಎಫ್‌ಡಬ್ಲ್ಯೂಎಬಿ ಎಂಬ ತುರ್ತು ಮತಪತ್ರ ಅದೇ ಎಫ್‌ವಿಎಪಿ ತಾಣದಲ್ಲಿದೆ. ಅಭ್ಯರ್ಥಿ ಅಥವಾ ಪಕ್ಷದ ಹೆಸರು ಕೈಯಲ್ಲೇ ಬರೆದು ಕಳಿಸಿ. ಆಮೇಲೆ ಅಸಲಿ ಬಂದರೆ ಅದನ್ನೂ ತುಂಬಿ ಕಳಿಸಿ, ಎಣಿಸುವುದು ಒಂದನ್ನೇ.

ನಿಮ್ಮ ಕವರ್ ತಲುಪಿತೇ, ಒಪ್ಪಿದರೇ ಅನ್ನುವುದು ರಾಜ್ಯದ ಚುನಾವಣಾ ತಾಣದಲ್ಲಿ ಕಾಣುತ್ತದೆ. ಎರಡು ದಿನಕ್ಕೊಮ್ಮೆ ನೋಡಿ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ, ಅಕ್ಕನಿಗೆ ಬಂದ ಇಮೇಲ್ ಸಿಕ್ಕಿದ್ದು ಅಲ್ಲೇ. ಮತ್ತೆ, ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ವಿದೇಶಿ ನಂಬರಿನಿಂದ ಕರೆ ಬಂದರೆ ಬ್ಲಾಕ್ ಮಾಡಬೇಡಿ. ಅವರಿಗೆ ಅದು ಹಗಲು, ಕಚೇರಿ ತೆರೆದಿರುವ ಹೊತ್ತು.