ಆ ಸ್ಪೀಕರನ್ನು ಗುಜರಿಗೆ ಕೊಡಬೇಡಿ

ಈಗಿನ ಹುಡುಗರಿಗೆ ಹಳೆಯ ಸ್ಪೀಕರ್ ಜೋಡಿ ಸಿಕ್ಕಿತೆಂದರೆ ಮಾಡುವ ಕೆಲಸ ಎರಡೇ. ಕೂಡಲೇ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ವಾಲ್ಯೂಮ್ ತಿರುಗಿಸುವುದು, ಇಲ್ಲವೇ ಪೆಟ್ಟಿಗೆಗೆ ಕೊಬ್ಬರಿ ಎಣ್ಣೆ ಸವರಿ ಫೋಟೊ ತೆಗೆಯುವುದು. ಮೊದಲನೆಯದರಿಂದ ಒಳಗಿನದು ಹಾಳು, ಎರಡನೆಯದರಿಂದ ಹೊರಗಿನದು ಜಿಗುಟು. ನಮ್ಮ ಮೊಮ್ಮಗ, ಇಂಜಿನಿಯರಿಂಗ್ ಓದಿದವನು, ಅದುರಿ ಸದ್ದು ಹೊರಡಿಸುವ ಆಲಿಕೆಯಂಥ ಕೋನಿನ ಹರಿದ ಅಂಚಿಗೆ ಸೆಲ್ಲೋಟೇಪ್ ಅಂಟಿಸಿದ್ದನ್ನು ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ. ಬೆಂಗಳೂರಿನ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಪಳಗಿದ ಕೈ ನನ್ನದು. ಇಂಥದ್ದನ್ನು ನೋಡಿದರೆ ಮೈ ಉರಿಯುತ್ತದೆ.

ಮೊದಲು ಮುಂದಿನ ಬಟ್ಟೆಯ ಚೌಕಟ್ಟು ತೆಗೆದು ವೂಫರಿನ, ಅಂದರೆ ತಗ್ಗಿನ ಸ್ವರ ನುಡಿಸುವ ದೊಡ್ಡ ಸ್ಪೀಕರಿನ, ಅಂಚನ್ನು ನೋಡಿ. ಬಟ್ಟೆಯ ಅಂಚೋ ರಬ್ಬರಿನದೋ ಆಗಿದ್ದು, ಬಿರುಕು ಬಿಡದೆ ಮೆತ್ತಗಿದ್ದರೆ ಅದರ ತಂಟೆಗೆ ಹೋಗಬೇಡಿ. ಫೋಮ್ ಆಗಿದ್ದರೆ ಮಾತ್ರ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. 1970-80ರ ದಶಕದ ಫೋಮ್ ಗಾಳಿಯ ತೇವಕ್ಕೇ ಕೊಳೆಯುತ್ತದೆ. ಬಳಸದೆ ಅಟ್ಟದಲ್ಲಿಟ್ಟಿದ್ದರೂ ಮುಟ್ಟಿದೊಡನೆ ಪುಡಿ ಉದುರುತ್ತದೆ. ಹಾಗಾಯಿತೆಂದು ಸ್ಪೀಕರ್ ಸತ್ತಿತೆಂದು ತೀರ್ಮಾನಿಸುವವರೇ ಹೆಚ್ಚು. ಕೋನ್, ಆಯಸ್ಕಾಂತ, ಸುರುಳಿ ಎಲ್ಲವೂ ಗಟ್ಟಿಮುಟ್ಟಾಗಿರುತ್ತವೆ, ಹೋದದ್ದು ಸೀರೆಯ ಫಾಲ್ ಮಾತ್ರ.

ವೂಫರ್ ಬಿಚ್ಚುವಾಗ ಸ್ಕ್ರೂಡ್ರೈವರ್ ಮತ್ತು ಕೋನಿನ ನಡುವೆ ಎಡ ಅಂಗೈ ಅಡ್ಡ ಇಟ್ಟುಕೊಳ್ಳಿ. ಆಯಸ್ಕಾಂತ ಸ್ಕ್ರೂಡ್ರೈವರನ್ನು ಸೆಳೆಯಿತೋ, ಕಾಗದ ತೂತು. ಯಾವ ತಂತಿ ಎಲ್ಲಿತ್ತೆಂದು ಬರೆದಿಟ್ಟುಕೊಳ್ಳಿ. ಬಿಚ್ಚಿದ ವೂಫರನ್ನೇ ಚೀಲದಲ್ಲಿಟ್ಟುಕೊಂಡು ಹೋಗಿ, ಅದಕ್ಕೆ ಹೊಂದುವ ಫೋಮ್ ಬಳೆ ತನ್ನಿ. ಹಳೆಯ ಗೋಂದನ್ನು ಸ್ಪಿರಿಟ್ ಮುಟ್ಟಿಸಿ ಕೆರೆಯಿರಿ. ಬೇಸರವಾದರೂ ಕೆರೆಯಿರಿ. ಅರ್ಧಂಬರ್ಧ ಕೆರೆದ ಕಬ್ಬಿಣಕ್ಕೆ ಹೊಸ ಗೋಂದು ಹಿಡಿಯುವುದಿಲ್ಲ.

ಇನ್ನು ನಾನು ಆಣೆಯಿಟ್ಟು ಹೇಳುವ ಕೆಲಸ. ಕೋನನ್ನು ನಟ್ಟನಡುವೆ ಕೂರಿಸುವುದು. ಕಣ್ಣಂದಾಜಿನಲ್ಲಿ ಅಂಟಿಸಿ ಕೈತೊಳೆದುಕೊಳ್ಳುವವರನ್ನು ಕಂಡಿದ್ದೇನೆ. ಅವರ ಸ್ಪೀಕರ್ ಆಮೇಲೆ ಕರಕರ ಎನ್ನುತ್ತಲೇ ಇರುತ್ತದೆ. ಕೋನಿನ ಹಿಂದಿರುವ ತಂತಿಯ ಸುರುಳಿ ಕೂದಲೆಳೆಯಷ್ಟು ಸಂದಿಯಲ್ಲಿ ಆಡಬೇಕು, ಎಲ್ಲಿಯೂ ಕಬ್ಬಿಣಕ್ಕೆ ತಾಗಬಾರದು. ಅದಕ್ಕೆ ಬೇಕಾದದ್ದು ಪ್ರತಿ ಮನೆಯ ಬೀರುವಿನಲ್ಲಿಯೂ ಇರುವ ಹಳೆಯ ಎಕ್ಸ್‌ರೇ ಹಾಳೆ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ಕಪ್ಪು ಪದರ ತೆಗೆದು, ಒರೆಸಿ, ಕಿರುಬೆರಳ ಉಗುರಿನಗಲದ ನಾಲ್ಕು ಪಟ್ಟಿ ಕತ್ತರಿಸಿಕೊಳ್ಳಿ. ಅಂಚು ಒರಟಾಗಿದ್ದರೆ ಮತ್ತೆ ಕತ್ತರಿಸಿ. ಕೋನಿನ ನಡುವಿನ ಗುಬುಟನ್ನು ಹೊಸ ಬ್ಲೇಡಿನಿಂದ ಮುಕ್ಕಾಲು ಸುತ್ತು ಮಾತ್ರ ಕೊಯ್ದು ಮುಚ್ಚಳದಂತೆ ಹಿಂದಕ್ಕೆ ಮಡಿಸಿ. ಒಳಗೆ ಕಬ್ಬಿಣದ ಗುಂಡು ಕಾಣುತ್ತದೆ, ಅದರ ಸುತ್ತ ಸುರುಳಿ.

ಮೊದಲು ಫೋಮಿನ ಒಳ ಅಂಚನ್ನಷ್ಟೇ ಕೋನಿಗೆ ಅಂಟಿಸಿ ರಾತ್ರಿಯಿಡೀ ಬಿಡಿ. ಕಾಗದದ ಕೋನಿಗೆ ಮರಕ್ಕೆ ಬಳಸುವ ಬಿಳಿ ಗೋಂದೇ ಸಾಕು. ಮಾರನೆಯ ದಿನ ಗುಂಡಿಗೂ ಸುರುಳಿಗೂ ನಡುವೆ ನಾಲ್ಕು ದಿಕ್ಕಿಗೆ ನಾಲ್ಕು ಪಟ್ಟಿ ಇಳಿಸಿ. ಬಿಗಿಯಾಗಿ, ಆದರೆ ಒತ್ತಾಯವಿಲ್ಲದೆ ಇಳಿಯಬೇಕು. ಸಡಿಲವೆನಿಸಿದರೆ ಸ್ವಲ್ಪ ದಪ್ಪನೆಯ ಪ್ಲಾಸ್ಟಿಕ್ ಹುಡುಕಿ. ಆಮೇಲೆ ಹೊರ ಅಂಚಿಗೆ ಗೋಂದು ಸವರಿ, ಬೆರಳಿನಿಂದ ಒತ್ತುತ್ತಾ ಒಂದು ಸುತ್ತು ಬನ್ನಿ. ಮತ್ತೊಂದು ರಾತ್ರಿ. ಬೆಳಿಗ್ಗೆ ಪಟ್ಟಿಗಳನ್ನು ನೇರವಾಗಿ ಮೇಲಕ್ಕೆಳೆದು, ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ ಒತ್ತಿ ಬಿಡಿ, ಕಿವಿ ಹತ್ತಿರವಿಟ್ಟು. ಉಸಿರಿನಷ್ಟೂ ಸದ್ದು ಬರಬಾರದು. ಬಂದರೆ ಬಿಚ್ಚಿ ಮತ್ತೆ ಮಾಡಿ. ನನ್ನ ಮೇಲೆ ಸಿಡುಕಿ ಪ್ರಯೋಜನವಿಲ್ಲ. ಬಾರದಿದ್ದರೆ ಗುಬುಟನ್ನು ಅಂಟಿಸಿ ಮುಗಿಸಿ.

ಪೆಟ್ಟಿಗೆ ತೆರೆದಿರುವಾಗಲೇ ಕ್ರಾಸ್‌ಓವರಿನ, ಅಂದರೆ ತಗ್ಗಿನ ಸ್ವರವನ್ನು ವೂಫರಿಗೂ ಏರಿನ ಸ್ವರವನ್ನು ಟ್ವೀಟರ್ ಎಂಬ ಸಣ್ಣ ಸ್ಪೀಕರಿಗೂ ಹಂಚುವ ಸರ್ಕ್ಯೂಟಿನ, ಒಳಗೆ ತೇವವಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ. ವರ್ಷಗಳು ಕಳೆದಂತೆ ಅವು ಒಣಗುತ್ತವೆ, ಟ್ವೀಟರ್ ಮಂಕಾಗುತ್ತದೆ. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, ಆದರೆ ನಾನ್‌ಪೋಲಾರ್, ಅಂದರೆ ಪ್ಲಸ್ ಮೈನಸ್ ಭೇದವಿಲ್ಲದ್ದು, ಎಂದು ಕೇಳಿಯೇ ಕೊಳ್ಳಿ. ಎರಡು ಪೆಟ್ಟಿಗೆಗೂ ಒಟ್ಟಿಗೆ ಬದಲಿಸಬೇಕು. ಗಾಳಿಯ ಕಿಂಡಿಯಿಲ್ಲದ ಮುಚ್ಚು ಪೆಟ್ಟಿಗೆಯಾದರೆ ವೂಫರ್ ಕೂರುವ ಜಾಗದಲ್ಲಿ ಸಂದಿ ಉಳಿಯಬಾರದು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಎಆರ್ (ಅಕೌಸ್ಟಿಕ್ ರಿಸರ್ಚ್) ಎಂಬ ಸ್ಪೀಕರ್ ಸಂಸ್ಥೆಯಿಂದ ತಂದ ಇಂಥ ಪೆಟ್ಟಿಗೆಯಲ್ಲಿ ಒಳಗೆ ಸೆರೆಯಾದ ಗಾಳಿಯೇ ಸ್ಪ್ರಿಂಗ್. ಗಾಳಿ ಸೋರಿದರೆ ತಗ್ಗಿನ ಸ್ವರ ಸಡಿಲ.

ಚೌಕಟ್ಟಿನ ಬಟ್ಟೆಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ, ಪೊರಕೆಯಿಂದ ಬಡಿಯಬೇಡಿ. ಧೂಳಿನ ಮಾತು ಬಂತು ನೋಡಿ, ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳೆಲ್ಲ ಚೀಲದೊಳಗೇ ಬೀಳುತ್ತದೆ. ಅದನ್ನೂ ಯಾರೂ ಮಾಡುವುದಿಲ್ಲ, ಹಾಸಿಗೆಯ ಮೇಲೆಲ್ಲ ಉದುರಿಸುತ್ತಾರೆ.

ತಂತಿ ಸಿಕ್ಕಿಸಿದ ಮೇಲೆ ಮೃದಂಗವಿರುವ ಕಛೇರಿಯೊಂದನ್ನು ಹಾಕಿ. ನಾನು ಹಾಕುವುದು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಮೃದಂಗದ ಎಡಬದಿಯ ಗುಮ್ಕಿ ನಾದ ಎದೆಗೆ ತಾಗದೆ ತೆಳ್ಳಗಾಗಿ, ವೀಣೆ ಎಲ್ಲಿದೆಯೆಂದೇ ತಿಳಿಯದೆ ಹೋದರೆ ಒಂದು ಪೆಟ್ಟಿಗೆಯ ತಂತಿ ಅದಲುಬದಲಾಗಿದೆ. ಅನುಮಾನವಿದ್ದರೆ ತಂತಿಯನ್ನು ಆಂಪ್ಲಿಫೈಯರಿನಿಂದ ಕಳಚಿ, ಒಂದೂವರೆ ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಕೆಂಪಿಗೆ ಪ್ಲಸ್ ಕೊಟ್ಟಾಗ ಎರಡು ವೂಫರೂ ಒಂದೇ ಕಡೆಗೆ ಜಿಗಿಯಬೇಕು.

ಮೂಲೆಗೆ ತುರುಕಬೇಡಿ, ಗವಿಯೊಳಗೆ ಹಾಡಿದಂತೆ ಗುಂಯ್‌ಗುಡುತ್ತದೆ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕಿರಲಿ; ಎರಡರ ನಡುವೆ ಎಷ್ಟು ದೂರವೋ ನೀವೂ ಸುಮಾರು ಅಷ್ಟೇ ದೂರ ಕೂರಿ. ಸಣ್ಣ ಆಂಪ್ಲಿಫೈಯರನ್ನು ಕೊನೆಯವರೆಗೆ ತಿರುಗಿಸಿ ದನಿ ಒಡೆಯುವಂತೆ ಮಾಡಿದರೆ ಮೊದಲು ಸುಡುವುದು ಟ್ವೀಟರ್. ಮದುವೆ ಮಂಟಪದಷ್ಟು ಸದ್ದು ಬೇಕಿದ್ದವರಿಗೆ ಧ್ವನಿವರ್ಧಕ ಬಾಡಿಗೆಗೆ ಸಿಗುತ್ತದೆ.