ಸಾಲಿನಲ್ಲಿ ನಿಲ್ಲಿಸದೆ ಸೆಲೆಕ್ಷನ್ ಮಾಡಿದ್ದು

ಮೈಸೂರಿನಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಪ್ರತಿ ವರ್ಷ ಮೇ ಕೊನೆಯಲ್ಲಿ ತಂಡಕ್ಕೆ ಸೆಲೆಕ್ಷನ್ ಮಾಡುತ್ತೇವೆ. ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ. ಐವತ್ತು ಮಕ್ಕಳನ್ನು ನಾಲ್ಕು ಸಾಲಿನಲ್ಲಿ ನಿಲ್ಲಿಸಿದೆ. ಕೋನ್‌ಗಳ ನಡುವೆ ಬಾಲ್ ತೆಗೆದುಕೊಂಡು ಹೋಗಬೇಕು, ಗೋಲಿಗೆ ಹೊಡೆಯಬೇಕು, ವಾಪಸ್ ಬಂದು ಸಾಲಿನ ಕೊನೆಗೆ ನಿಲ್ಲಬೇಕು. ಒಂದೂವರೆ ಗಂಟೆ ಇದೇ ನಡೆಯಿತು.

ಮುಗಿದ ಮೇಲೆ ಉದಯಗಿರಿಯಿಂದ ಬಂದಿದ್ದ ಹುಡುಗನೊಬ್ಬ ಹತ್ತಿರ ಬಂದು ಕೇಳಿದ. "ಸಾರ್, ಮ್ಯಾಚ್ ಯಾವಾಗ ಆಡಿಸ್ತೀರಾ?"

"ಇವತ್ತು ಮ್ಯಾಚ್ ಇಲ್ಲ ಕಣೋ" ಅಂದೆ. ಅವನು ಏನೂ ಮಾತಾಡಲಿಲ್ಲ. ಎರಡು ಬಸ್ ಬದಲಿಸಿ, ಬೆಳಗ್ಗೆ ಆರಕ್ಕೇ ಬಂದಿದ್ದ ಮಗು ಅದು. ಮನೆಗೆ ಬಂದು ಮೊಬೈಲ್‌ನಲ್ಲಿ ತೆಗೆದಿದ್ದ ವಿಡಿಯೋ ನೋಡಿದೆ. ಅಷ್ಟು ಹೊತ್ತಿನಲ್ಲಿ ಅವನ ಸರದಿ ಬಂದಿದ್ದು ಏಳೇ ಸಲ. ಉಳಿದಂತೆ ನಿಂತೇ ಇದ್ದ. ಅವನು ಆಡುವುದನ್ನೇ ನೋಡದೆ ನಾನು ಅವನ ಬಗ್ಗೆ ತೀರ್ಮಾನ ಕೊಟ್ಟಿದ್ದೆ.

ಮುಂದಿನ ವರ್ಷದಿಂದ ಸಾಲಿನಲ್ಲಿ ನಿಲ್ಲಿಸುವುದನ್ನು ಬಿಟ್ಟೆ. ಈಗ ಶನಿವಾರ, ಭಾನುವಾರ ಎರಡು ದಿನ ಕರೆಯುತ್ತೇವೆ. ಒಂದೇ ದಿನ ಆದರೆ ಜ್ವರ ಬಂದು ಎದ್ದ ಮಗುವಿಗೂ ಹೆದರಿಕೊಂಡ ಮಗುವಿಗೂ ಎರಡನೇ ಅವಕಾಶ ಇರುವುದಿಲ್ಲ. ಬೆಳಗ್ಗೆ 6.30ಕ್ಕೆ ಶುರು, ಒಂಬತ್ತರೊಳಗೆ ಮುಗಿಯಬೇಕು. ಮೇ ತಿಂಗಳಲ್ಲಿ ಹತ್ತು ಗಂಟೆಗೇ ಬಿಸಿಲು ಸುಡುತ್ತದೆ. ಸಂಜೆಗೆ ಇಟ್ಟುಕೊಂಡರೆ ಗುಡುಗು ಮಳೆ ಯಾವಾಗ ಬರುತ್ತದೋ ಗೊತ್ತಾಗುವುದಿಲ್ಲ.

ಬಂದ ತಕ್ಷಣ ಭಾಷಣ ಇಲ್ಲ. ನಾಲ್ಕನೇ ಸೈಜಿನ ಬಾಲ್‌ಗಳನ್ನು ಮೈದಾನದ ತುಂಬಾ ಹಾಕಿರುತ್ತೇವೆ. ಈ ವಯಸ್ಸಿಗೆ ಆ ಸೈಜೇ ಸರಿ, ದೊಡ್ಡವರ ಐದನೇ ಸೈಜು ಬೇಡ. ಮಕ್ಕಳು ಬರುತ್ತಾ ಬರುತ್ತಾ ತಾವೇ ಒದೆಯಲು ಶುರು ಮಾಡುತ್ತಾರೆ. ಅಷ್ಟರಲ್ಲಿ ಅರ್ಧ ಭಯ ಹೋಗಿರುತ್ತದೆ.

ಆಮೇಲೆ ಪೂರ್ತಿ ಆಟವೇ. 40 ಮಕ್ಕಳು ಬಂದರೆ ಐದು ಚಿಕ್ಕ ಅಂಕಣ. ಒಂದೊಂದೂ 30 ಹೆಜ್ಜೆ ಉದ್ದ, 20 ಹೆಜ್ಜೆ ಅಗಲ. ನಾಲ್ಕು ಮಂದಿಯ ಎದುರು ನಾಲ್ಕು ಮಂದಿ, ಗೋಲ್‌ಕೀಪರ್ ಇಲ್ಲ. ಎರಡು ಹೆಜ್ಜೆ ಅಂತರದಲ್ಲಿ ಎರಡು ಕೋನ್ ಇಟ್ಟರೆ ಅದೇ ಗೋಲ್. ಆರು ನಿಮಿಷ ಆಟ, ಎರಡು ನಿಮಿಷ ನೀರು. ಪ್ರತಿ ಸುತ್ತಿಗೂ ಚೀಟಿ ಎತ್ತಿ ತಂಡ ಬದಲಿಸುತ್ತೇವೆ. ಗೆದ್ದ ತಂಡದ ಪ್ರತಿ ಮಗುವಿನ ಹೆಸರಿಗೂ 3 ಅಂಕ, ಸಮ ಆದರೆ 1, ಸೋತರೆ ಇಲ್ಲ. ಶನಿವಾರ ಆರು ಸುತ್ತು, ಭಾನುವಾರ ಇನ್ನಾರು.

ಈ ಅಂಕದ ಲೆಕ್ಕ ನನಗೆ ತುಂಬಾ ಕಲಿಸಿತು. ಜೊತೆಗಾರರು ಪ್ರತಿ ಸಲ ಬದಲಾಗುತ್ತಿದ್ದರೂ ಒಂದು ಮಗು ಇರುವ ತಂಡವೇ ಗೆಲ್ಲುತ್ತಿದ್ದರೆ ಆ ಮಗುವಿನಲ್ಲಿ ಏನೋ ಇದೆ, ಅಲ್ವಾ? ಒಂದು ವರ್ಷ ಸರಸ್ವತೀಪುರಂ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಶನಿವಾರ ರಾತ್ರಿ ಕೂಡಿಸಿ ನೋಡಿದರೆ ಅವಳದ್ದು ಎರಡನೇ ಅತಿ ಹೆಚ್ಚು ಅಂಕ. ನನ್ನ ಪುಸ್ತಕದಲ್ಲಿ ಅವಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಭಾನುವಾರ ಅವಳನ್ನೇ ನೋಡುತ್ತಾ ನಿಂತೆ. ಅವಳು ಯಾರನ್ನೂ ಡ್ರಿಬಲ್ ಮಾಡಿ ದಾಟುವುದಿಲ್ಲ. ಎದುರಾಳಿ ಪಾಸ್ ಕೊಡುವ ಮೊದಲೇ ಅದು ಎಲ್ಲಿಗೆ ಬರುತ್ತದೆ ಅಂತ ತಿಳಿದು ಅಲ್ಲಿ ನಿಂತಿರುತ್ತಾಳೆ. ಬಾಲ್ ಸಿಕ್ಕಿದ ಕೂಡಲೇ ಖಾಲಿ ಇರುವವರಿಗೆ ಕೊಟ್ಟು ಹಿಂದೆ ಓಡುತ್ತಾಳೆ. ಕೋನ್ ಸಾಲಿನಲ್ಲಿ ನಿಲ್ಲಿಸಿದ್ದರೆ ಇದೊಂದೂ ಕಾಣುತ್ತಿರಲಿಲ್ಲ. ಹಾಗಂತ ಅಂಕವನ್ನೇ ನಂಬಿ ಪಟ್ಟಿ ಬರೆಯುವುದಿಲ್ಲ. ಹನ್ನೆರಡು ಚಿಕ್ಕ ಆಟದಲ್ಲಿ ಅದೃಷ್ಟವೂ ಸೇರಿಕೊಂಡಿರುತ್ತದೆ. ಯಾರನ್ನು ಇನ್ನೊಮ್ಮೆ ನೋಡಬೇಕು ಅಂತ ಅಂಕ ಹೇಳುತ್ತದೆ, ಅಷ್ಟೇ.

ನೋಡುವಾಗ ನಾನು ಮೂರು ವಿಷಯ ಬರೆದುಕೊಳ್ಳುತ್ತೇನೆ. ಬಾಲ್ ಬರುವ ಮೊದಲು ತಲೆ ಎತ್ತಿ ಸುತ್ತ ನೋಡುತ್ತಾರಾ? ಬಾಲ್ ಕಳೆದುಕೊಂಡ ಮೇಲೆ ಏನು ಮಾಡುತ್ತಾರೆ, ನಿಂತುಬಿಡುತ್ತಾರಾ ಅಥವಾ ಬೆನ್ನಟ್ಟುತ್ತಾರಾ? ಜೊತೆಯವನು ತಪ್ಪು ಮಾಡಿದಾಗ ಅವನಿಗೆ ಏನು ಹೇಳುತ್ತಾರೆ? ಹನ್ನೊಂದನೇ ವಯಸ್ಸಿಗೆ ಎಷ್ಟು ಜೋರಾಗಿ ಒದೆಯುತ್ತಾರೆ ಅನ್ನುವುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಅದು ಮೈ ಬೆಳೆದಂತೆ ಬರುತ್ತದೆ.

ಮೈ ಬೆಳವಣಿಗೆಯ ವಿಷಯದಲ್ಲಿ ನಾನು ಹಿಂದೆ ದೊಡ್ಡ ತಪ್ಪು ಮಾಡಿದ್ದೆ. ವಯಸ್ಸಿನ ಲೆಕ್ಕ ಜನವರಿ 1ರಿಂದ ಶುರುವಾಗುತ್ತದೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಆದರೆ ಇಬ್ಬರ ನಡುವೆ ಹನ್ನೊಂದು ತಿಂಗಳ ಬೆಳವಣಿಗೆ ಇದೆ. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದಾಗ ನಾನು ಆರಿಸಿದವರಲ್ಲಿ ಜಾಸ್ತಿ ಮಂದಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ. ಪ್ರತಿಭೆ ಅಂತ ನಾನು ಅಂದುಕೊಂಡಿದ್ದು ಎಷ್ಟೋ ಸಲ ಬರೀ ಎತ್ತರ. ಈಗ ಹುಟ್ಟಿದ ದಿನದ ಪ್ರಕಾರ ನಂಬರಿನ ಬಿಬ್ (ಅಂಗಿಯ ಮೇಲೆ ಹಾಕುವ ತೋಳಿಲ್ಲದ ಬಟ್ಟೆ) ಕೊಡುತ್ತೇವೆ. ಎಲ್ಲರಿಗಿಂತ ದೊಡ್ಡವನಿಗೆ 1, ಎಲ್ಲರಿಗಿಂತ ಚಿಕ್ಕವನಿಗೆ 40. ಈ ಉಪಾಯ ನೆದರ್‌ಲೆಂಡ್ಸ್‌ನ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದು. ಎದೆಯ ಮೇಲಿನ ನಂಬರ್ ನೋಡಿದ ಕೂಡಲೇ ನೆನಪಾಗುತ್ತದೆ: 38ನೇ ನಂಬರಿನ ಹುಡುಗ ಓಟದಲ್ಲಿ ಹಿಂದೆ ಬಿದ್ದರೂ ಅವನ ಪಾಸ್ ಸರಿಯಾಗಿದೆ, ಕಾಯಬಹುದು.

ಸ್ಟಡ್ಸ್, ಅಂದರೆ ಅಡಿಯಲ್ಲಿ ಗಟ್ಟಿ ಗುಬುಟುಗಳು, ಇರುವ ಬೂಟು ಆ ಎರಡು ದಿನ ಯಾರೂ ಹಾಕುವಂತಿಲ್ಲ. ಎಲ್ಲರಿಗೂ ಶಾಲೆಯ ಬಿಳಿ ಕ್ಯಾನ್ವಾಸ್ ಶೂ. ಅದೂ ಇಲ್ಲದವರಿಗೆ ದೊಡ್ಡ ಹುಡುಗರ ಕಾಲಿಗೆ ಚಿಕ್ಕದಾದ ಹಳೆಯ ಶೂಗಳನ್ನು ಒಂದು ಚೀಲದಲ್ಲಿ ಇಟ್ಟಿರುತ್ತೇವೆ. ಬರಿಗಾಲಿನ ಮಗುವಿನ ಪಾದದ ಮೇಲೆ ಸ್ಟಡ್ಸ್ ಬಿದ್ದರೆ ಏನಾಗುತ್ತದೆ ಅಂತ ಒಮ್ಮೆ ನೋಡಿದ್ದೇನೆ, ಸಾಕು. ಗೋಲ್‌ಕೀಪರ್‌ಗಳನ್ನು ಭಾನುವಾರ ಕೊನೆಯಲ್ಲಿ ಅರ್ಧ ಗಂಟೆ ಬೇರೆಯಾಗಿ ನೋಡುತ್ತೇವೆ.

ಅಪ್ಪ ಅಮ್ಮಂದಿರು ಗೆರೆಯ ಪಕ್ಕ ನಿಂತರೆ ಮಕ್ಕಳ ಕಣ್ಣು ಬಾಲ್ ಮೇಲೆ ಇರುವುದಿಲ್ಲ. ಅದಕ್ಕೆ ಅವರಿಗೆ ಹೊಂಗೆ ಮರದ ಕೆಳಗೆ ಜಾಗ ಮಾಡಿ ಕೆಲಸವನ್ನೂ ಕೊಡುತ್ತೇವೆ. ನೀರು ತುಂಬುವುದು, ಬಾಳೆಹಣ್ಣು ಹಂಚುವುದು, ಚೀಟಿ ಮಡಚುವುದು. ಸುಮ್ನೆ ಕೂತರೆ ಆತಂಕ ಜಾಸ್ತಿ. ಕೆಲಸ ಇದ್ದರೆ ಬೇರೆ ಮಕ್ಕಳ ಹೆಸರೂ ಗೊತ್ತಾಗುತ್ತದೆ.

ಫಲಿತಾಂಶವನ್ನು ಮೊದಲು ಗೋಡೆಗೆ ಅಂಟಿಸುತ್ತಿದ್ದೆ. ಒಬ್ಬ ಹುಡುಗ ಬೆರಳಿಟ್ಟುಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗೆ ಮೂರು ಸಲ ಓದಿದ. ಅವನ ಹೆಸರು ಇರಲಿಲ್ಲ. ಅವತ್ತೇ ಅದನ್ನು ಬಿಟ್ಟೆ. ಈಗ ಭಾನುವಾರ ಸಂಜೆ ಪ್ರತಿ ಮನೆಗೂ ನಾನೇ ಫೋನ್ ಮಾಡುತ್ತೇನೆ. ಆಯ್ಕೆ ಆಗದವರಿಗೆ ಮೊದಲು. ದೊಡ್ಡವರಿಗೆ ಹೇಳಿ, ಫೋನನ್ನು ಮಗುವಿಗೆ ಕೊಡಿ ಅನ್ನುತ್ತೇನೆ. ನಾನು ಕಂಡ ಒಂದು ಒಳ್ಳೆಯ ಸಂಗತಿ ಹೇಳುತ್ತೇನೆ, ಯಾವ ಸುತ್ತಿನಲ್ಲಿ ಅನ್ನುವುದನ್ನೂ ಸೇರಿಸಿ. ಕಲಿಯಬೇಕಾದ್ದು ಒಂದೇ ಒಂದು ಹೇಳುತ್ತೇನೆ. ಮಂಗಳವಾರ, ಗುರುವಾರದ ಅಭ್ಯಾಸ ಎಲ್ಲರಿಗೂ ತೆರೆದಿದೆ ಅನ್ನುತ್ತೇನೆ. ಎಲ್ಲ ಮುಗಿಯಲು ಎರಡು ಗಂಟೆ ಬೇಕು. ಕೆಲವು ಅಪ್ಪಂದಿರು ಸಿಟ್ಟಾಗುತ್ತಾರೆ. "ಬೇರೆಯವರ ಮಗನಿಗಿಂತ ನಮ್ಮವನು ಏನು ಕಮ್ಮಿ ಸಾರ್?" ಅವರನ್ನು ಮೈದಾನಕ್ಕೆ ಕರೆದು ಮಗುವಿನ ಹನ್ನೆರಡು ಸುತ್ತಿನ ಹಾಳೆ ತೋರಿಸುತ್ತೇನೆ.

ಹೋದ ವರ್ಷ ಹೀಗೆ ಮಾತಾಡುವಾಗ ಒಬ್ಬ ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಗಳವಾರ ಮ್ಯಾಚ್ ಆಡಿಸ್ತೀರಾ ಸಾರ್?" ಅಂದ. "ಆಡಿಸ್ತೀನಿ ಮಗಾ, ನಾಲ್ಕೂವರೆಗೆ ಬಾ" ಅಂದೆ.