ಕುಂಡದಲ್ಲಿ ಟೊಮೆಟೊ: ಮೊದಲ ಮೂವತ್ತು ದಿನ ದಾಟಿಸಿದರೆ ಸಾಕು

ಬೀಜ ಹಾಕಿ ಎರಡು ವಾರ ಆಗುವಷ್ಟರಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ‘ನಿನ್ನೆ ಸಂಜೆವರೆಗೆ ನೆಟ್ಟಗೆ ನಿಂತಿದ್ವು, ಬೆಳಿಗ್ಗೆ ನೋಡಿದ್ರೆ ಎಲ್ಲ ಮಲಗಿಬಿಟ್ಟಿವೆ. ನೀರು ಸಾಲಲಿಲ್ಲ ಅಂತ ಇನ್ನೊಂದು ಚೊಂಬು ಹಾಕಿದೆ.’ ಆ ಇನ್ನೊಂದು ಚೊಂಬಿನಲ್ಲೇ ಇದೆ ಎಲ್ಲ ಕಥೆ. ಸಸಿಗಳು ಬಾಯಾರಿ ಸತ್ತಿದ್ದಲ್ಲ, ನೀರು ಕುಡಿದು ಕುಡಿದು ಸತ್ತಿದ್ದು.

ಟೊಮೆಟೊ ಬೆಳೆಯುವುದು ಕಷ್ಟ ಅನ್ನುವವರಲ್ಲಿ ಹೆಚ್ಚಿನವರು ಗಿಡವನ್ನು ಕಳೆದುಕೊಂಡಿದ್ದು ಅದು ಗಿಡ ಆಗುವ ಮೊದಲೇ. ಹಾಗಾಗಿ ಈ ಲೇಖನದ ಅರ್ಧ ಭಾಗ ಸಸಿಯ ಬಗ್ಗೆಯೇ ಇದೆ. ಉಳಿದ ಹಂತಗಳನ್ನು ಗಿಡವೇ ಅರ್ಧ ನೋಡಿಕೊಳ್ಳುತ್ತದೆ.

ಹಂತ 1: ಬೀಜ

ಮೊದಲು ಪೊಟ್ಟಣದ ಹಿಂಭಾಗ ಓದಿ. ಕೆಲವು ತಳಿ ಒಂದು ಎತ್ತರಕ್ಕೆ ಬಂದು ನಿಲ್ಲುತ್ತವೆ, ಪೊದೆಯ ಹಾಗೆ. ಇನ್ನು ಕೆಲವು ಬಳ್ಳಿಯ ಹಾಗೆ ಬೆಳೆಯುತ್ತಲೇ ಹೋಗುತ್ತವೆ. ಎರಡರ ಆರೈಕೆಯೂ ಬೇರೆ ಬೇರೆ. ಮೊದಲ ಸಲ ಕುಂಡದಲ್ಲಿ ಬೆಳೆಯುವವರು ಪೊದೆ ತಳಿಯನ್ನೇ ತಗೊಳ್ಳಿ. ಅದರಲ್ಲೂ ಚೆರ್ರಿ ಟೊಮೆಟೊ ಆದರೆ ಇನ್ನೂ ಒಳ್ಳೆಯದು. ದೊಡ್ಡ ಹಣ್ಣಿನ ಆಸೆ ಮುಂದಿನ ವರ್ಷಕ್ಕಿರಲಿ.

ಬೀಜವನ್ನು ಸಸಿ ಬೆಳೆಸುವ ಟ್ರೇಯಲ್ಲಿ ಅರ್ಧ ಸೆಂಟಿಮೀಟರ್‌ಗಿಂತ ತುಸು ಆಳಕ್ಕೆ ಹಾಕಿ, ಮಣ್ಣು ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಿ. 21ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ 5ರಿಂದ 10 ದಿನದಲ್ಲಿ ಮೊಳಕೆ ಬರುತ್ತದೆ. ಇಷ್ಟೇ.

ಹಂತ 2: ಸಸಿ (ಎಲ್ಲರೂ ಎಡವುವುದು ಇಲ್ಲೇ)

ಮಣ್ಣಿನಿಂದ ಶುರು ಮಾಡೋಣ. ಹಳೆಯ ಕುಂಡದ ಮಣ್ಣನ್ನು ಸಸಿಗೆ ಬಳಸಬೇಡಿ. ಒಮ್ಮೆ ನಾನೂ ‘ಇರಲಿ ಬಿಡು, ಮಣ್ಣು ತಾನೆ’ ಅಂದುಕೊಂಡು ಕಳೆದ ಬೆಳೆಯ ಮಣ್ಣನ್ನೇ ಟ್ರೇಗೆ ತುಂಬಿದ್ದೆ. ಅರವತ್ತು ಸಸಿ ಬಂದವು. ನಾಲ್ಕು ದಿನದಲ್ಲಿ ಒಂಬತ್ತು ಉಳಿದವು. ಹಳೆಯ ಮಣ್ಣಿನಲ್ಲಿ ಶಿಲೀಂಧ್ರಗಳು ಅಡಗಿ ಕೂತಿರುತ್ತವೆ. ತೇವ ಜಾಸ್ತಿಯಾಗಿ ಗಾಳಿ ಆಡದೇ ಹೋದರೆ ಅವು ಎಳೆ ಕಾಂಡಕ್ಕೆ ಬಾಯಿ ಹಾಕುತ್ತವೆ.

ರೋಗ ಹಿಡಿದ ಸಸಿಯನ್ನು ಹತ್ತಿರದಿಂದ ನೋಡಿ. ಎಲೆ ಇನ್ನೂ ಹಸಿರಾಗೇ ಇರುತ್ತದೆ. ಆದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಿ, ನೀರು ನೀರಾಗಿ, ದಾರದ ಹಾಗೆ ಸಣ್ಣಗಾಗಿರುತ್ತದೆ. ಯಾರೋ ಉಗುರಿನಲ್ಲಿ ಚಿವುಟಿ ಬಿಟ್ಟ ಹಾಗೆ. ಹೀಗಾದ ಸಸಿಗೆ ಔಷಧಿ ಇಲ್ಲ. ಅದನ್ನೂ ಅದರ ಸುತ್ತಲಿನ ಮಣ್ಣನ್ನೂ ತೆಗೆದು ಬಿಸಾಕಿ, ಉಳಿದವಕ್ಕೆ ನೀರು ಕೊಡುವುದನ್ನು ನಿಲ್ಲಿಸಿ, ಗಾಳಿ ಆಡುವ ಕಡೆ ಇಡಿ. ದಾಲ್ಚಿನ್ನಿ ಪುಡಿ ಉದುರಿಸಿ ಅಂತ ಹೇಳುವವರಿದ್ದಾರೆ. ಬೇಕಾದರೆ ಉದುರಿಸಿ. ಆದರೆ ಮಲಗಿದ ಸಸಿ ಅದರಿಂದ ಏಳುವುದಿಲ್ಲ.

ಸಸಿಗೆ ನಾನು ಬಳಸುವ ಮಿಶ್ರಣ ಸರಳ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಮೂರು ಸಲ ನೀರು ಬದಲಿಸಿ ಹಿಂಡಿ ತೆಗೆಯಿರಿ. ಕೆಲವು ಇಟ್ಟಿಗೆಗಳಲ್ಲಿ ಉಪ್ಪಿನ ಅಂಶ ಇರುತ್ತದೆ, ತೊಳೆಯದೇ ಹಾಕಿದರೆ ಎಲೆ ಅಂಚು ಸುಡುತ್ತದೆ. ‘ತೊಳೆದು ಕೊಟ್ಟಿದ್ದೇವೆ’ ಅಂತ ಮೇಲೆ ಬರೆದಿದ್ದರೂ ತೊಳೆಯಿರಿ. ನಾನು ನಂಬುವುದಿಲ್ಲ.

ಇನ್ನು ಒಂದು ಮಾತು. ಬೀಜ ಹಾಕಲು ಬಲೆಯ ಚೀಲದಲ್ಲಿ ಒತ್ತಿಟ್ಟ ಬಿಲ್ಲೆಗಳು ಸಿಗುತ್ತವಲ್ಲ, ನೀರು ಹಾಕಿದರೆ ಉಬ್ಬುವಂಥವು? ನೋಡಲು ಮುದ್ದಾಗಿರುತ್ತವೆ. ನಾಟಿ ಮಾಡುವಾಗ ಬಲೆ ಬಿಚ್ಚದೇ ಹೂತರೆ ಬೇರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ‘ಮಣ್ಣಲ್ಲಿ ಕರಗುತ್ತದೆ’ ಅನ್ನುವ ನಾರಿನ ಕುಂಡಗಳೂ ಅಷ್ಟೇ. ಬೆಳೆ ಮುಗಿದ ಮೇಲೆ ಅಗೆದು ನೋಡಿದರೆ ಎಷ್ಟೋ ಸಲ ಹಾಗೇ ಇರುತ್ತವೆ. ತಳಕ್ಕೆ ತೂತು ಮಾಡಿದ ಕಾಗದದ ಲೋಟ ಇದಕ್ಕಿಂತ ವಾಸಿ.

ಈಗ ನೀರು. ದಿನಕ್ಕೆ ಎರಡು ಸಲ ಚಿಮುಕಿಸುವುದು ಕೈಗೆ ಅಂಟಿದ ಚಟ, ಬಿಡಿ. ಮೇಲ್ಮಣ್ಣು ಬಣ್ಣ ತಿಳಿಯಾಗಿ ಒಣಗಿದ ಹಾಗೆ ಕಂಡ ಮೇಲೆಯೇ ನೀರು. ಅದನ್ನೂ ಕೆಳಗಿನಿಂದ ಕೊಡಿ. ಒಂದು ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ, ಟ್ರೇಯನ್ನು ಅದರಲ್ಲಿ ಹದಿನೈದು–ಇಪ್ಪತ್ತು ನಿಮಿಷ ಇಟ್ಟು, ಎತ್ತಿ ಬಸಿದುಹೋಗಲು ಬಿಡಿ. ಬೇರು ನೀರು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ, ಮೇಲ್ಮಣ್ಣು ಒಣಗಿಯೇ ಇರುತ್ತದೆ. ನೀರು ಕೊಡಬೇಕೋ ಬೇಡವೋ ಅಂತ ಅನುಮಾನ ಬಂದರೆ ಟ್ರೇಯನ್ನು ಎತ್ತಿ ನೋಡಿ. ಹಗುರಾಗಿದ್ದರೆ ಕೊಡಿ, ಭಾರ ಇದ್ದರೆ ಸುಮ್ನೆ ಇಟ್ಟು ಹೋಗಿ. ನಾಲ್ಕು ದಿನದಲ್ಲಿ ಕೈಗೇ ಗೊತ್ತಾಗಿಬಿಡುತ್ತದೆ.

ಎರಡನೇ ಶತ್ರು ಬೆಳಕಿನ ಕೊರತೆ. ಕಿಟಕಿ ಪಕ್ಕ ಇಟ್ಟ ಸಸಿ ಐದೇ ದಿನದಲ್ಲಿ ಉದ್ದ ಆಗಿ, ಬಿಳಿಚಿಕೊಂಡು, ಒಂದೇ ಕಡೆ ವಾಲುತ್ತದೆ. ‘ಎಷ್ಟು ಬೇಗ ಬೆಳೀತು ನೋಡಿ’ ಅಂತ ಕೆಲವರು ಖುಷಿಪಡುತ್ತಾರೆ. ಅದು ಬೆಳೆದಿದ್ದಲ್ಲ, ಬೆಳಕಿಗಾಗಿ ಕತ್ತು ಚಾಚಿದ್ದು. ಟ್ರೇಗೆ ಮುಚ್ಚಳ ಹಾಕಿದ್ದರೆ ಮೊಳಕೆ ಕಂಡ ದಿನವೇ ತೆಗೆದು, ಬಯಲಿನ ಬೆಳಕಿಗೆ ತನ್ನಿ. ಆದರೆ ನಡುಹಗಲಿನ ನೇರ ಬಿಸಿಲು ಬೇಡ. ಹೊರಗೆ ಇಡಲು ಆಗದಿದ್ದರೆ ಸಾಧಾರಣ ಟ್ಯೂಬ್ ಲೈಟನ್ನು ಸಸಿಯ ತಲೆಯಿಂದ ಐದಾರು ಸೆಂಟಿಮೀಟರ್ ಮೇಲೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಸಸಿ ಎದ್ದ ಹಾಗೆ ದೀಪವನ್ನೂ ಎತ್ತಬೇಕು. ನೇರಳೆ ಬೆಳಕಿನ ದುಬಾರಿ ದೀಪವೇ ಆಗಬೇಕೆಂದೇನೂ ಇಲ್ಲ.

ಒಂದು ಸಣ್ಣ ಗುಟ್ಟು. ದಿನಕ್ಕೊಮ್ಮೆ ಅಂಗೈಯಿಂದ ಸಸಿಗಳ ತಲೆ ಸವರಿ, ಮಗುವಿನ ಕೂದಲು ಸವರಿದ ಹಾಗೆ, ಹತ್ತಿಪ್ಪತ್ತು ಸಲ. ಗಾಳಿಗೆ ಅಲುಗಾಡಿದೆ ಅಂದುಕೊಂಡು ಸಸಿ ಕಾಂಡವನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಎತ್ತರಕ್ಕೆ ಹೋಗುವುದು ಕಡಿಮೆಯಾಗುತ್ತದೆ. ನಗಬೇಡಿ, ನಿಜವಾಗಿಯೂ ಕೆಲಸ ಮಾಡುತ್ತದೆ. ಸವರುವಾಗ ಎಲೆ ಒಣಗಿರಬೇಕು ಅಷ್ಟೆ. ಬೀಡಿ–ಸಿಗರೇಟು ಮುಟ್ಟಿದ ಕೈಯಾದರೆ ಸೋಪು ಹಾಕಿ ತೊಳೆದುಕೊಳ್ಳಿ. ಹೊಗೆಸೊಪ್ಪಿನಲ್ಲಿರುವ ಮೊಸಾಯಿಕ್ ವೈರಸ್ ಟೊಮೆಟೊಗೂ ಅಂಟುತ್ತದೆ.

ಮೊದಲು ಬರುವ ನುಣುಪಾದ ಎರಡು ಎಲೆ ನಿಜವಾದ ಎಲೆ ಅಲ್ಲ, ಅವು ಬೀಜದ ಎಲೆ. ಆಮೇಲೆ ಅಂಚು ಕಚ್ಚಿದ ಹಾಗಿರುವ ಎಲೆ ಬರುತ್ತದಲ್ಲ, ಅಂಥವು ಎರಡು ಬಂದಾಗ ಪ್ರತಿ ಸಸಿಯನ್ನೂ ಬೇರೆ ಬೇರೆ ಲೋಟಕ್ಕೆ ಬದಲಿಸಿ. ಎತ್ತುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಮುಗಿಯಿತು. ಬೀಜದ ಎಲೆಯ ಬುಡದವರೆಗೂ ಮಣ್ಣಲ್ಲಿ ಇಳಿಸಿ. ಗೊಬ್ಬರದ ನೀರು ಕೊಡುವುದಾದರೆ ಈಗಿನಿಂದ, ಅದೂ ಬಾಟಲಿಯ ಮೇಲೆ ಬರೆದ ಪ್ರಮಾಣದ ಕಾಲು ಭಾಗ, ವಾರಕ್ಕೊಮ್ಮೆ. ಮುಂದೆ ಬೀಜದ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಅದರ ಕೆಲಸ ಮುಗಿದಿದೆ. ಚಳಿಯಲ್ಲಿ ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿದರೆ ಬೇರಿಗೆ ತಣ್ಣಗಾಗಿ ರಂಜಕ ಹೀರಲು ಆಗುತ್ತಿಲ್ಲ ಅಂತ ಅರ್ಥ. ಗೊಬ್ಬರ ಸುರಿಯುವ ಮೊದಲು ಬೆಚ್ಚಗಿನ ಕಡೆ ಇಡಿ.

ಕೊನೆಗೆ, ಬಿಸಿಲಿಗೆ ಒಗ್ಗಿಸುವುದು. ನೆರಳಲ್ಲಿ ಬೆಳೆದ ಸಸಿಯನ್ನು ಒಂದೇ ಸಲ ಬಿಸಿಲಿಗೆ ತಳ್ಳಿದರೆ ಎಲೆ ಬಿಳಿಯ ಕಾಗದದ ಹಾಗೆ ಆಗುತ್ತದೆ. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಮರುದಿನ ಎರಡು, ಹೀಗೆ ವಾರ–ಹತ್ತು ದಿನ. ಬೇಸರದ ಕೆಲಸವೇ. ಮೂರನೇ ದಿನಕ್ಕೇ ‘ಇನ್ನು ಸಾಕು’ ಅನಿಸುತ್ತದೆ. ಸಾಕಾಗಿರುವುದಿಲ್ಲ.

ಹಂತ 3: ನಾಟಿ

ಸಸಿ 15ರಿಂದ 20 ಸೆಂಟಿಮೀಟರ್ ಆದಾಗ, ಸಂಜೆ ಹೊತ್ತು ನಾಟಿ ಮಾಡಿ. ಕುಂಡ ಪೊದೆ ತಳಿಗೆ 12 ಲೀಟರ್, ಬಳ್ಳಿ ತಳಿಗೆ 20 ಲೀಟರ್‌ಗೆ ಕಡಿಮೆ ಬೇಡ. ಒಂದು ಕುಂಡಕ್ಕೆ ಒಂದೇ ಗಿಡ. ಎರಡು ಹಾಕಿದರೆ ಎರಡೂ ಸೊರಗುತ್ತವೆ. ಬರೀ ತೋಟದ ಮಣ್ಣು ತುಂಬಿದರೆ ಕುಂಡದಲ್ಲಿ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಮಣ್ಣು, ಕಳಿತ ಗೊಬ್ಬರ, ಕೊಕೊಪೀಟ್ ಸಮಪಾಲಿರಲಿ.

ಕೆಳಗಿನ ಎಲೆ ಕಿತ್ತು, ಕಾಂಡದ ಮೂರರಲ್ಲಿ ಎರಡು ಪಾಲು ಹೂಳಿ. ಬೇರೆ ಎಷ್ಟೋ ಗಿಡಕ್ಕೆ ಹೀಗೆ ಮಾಡಿದರೆ ಕೊಳೆಯುತ್ತದೆ. ಟೊಮೆಟೊ ಹಾಗಲ್ಲ, ಹೂತ ಕಾಂಡದಿಂದಲೇ ಹೊಸ ಬೇರು ಬಿಡುತ್ತದೆ. ಉದ್ದ ಆಗಿ ಕೆಟ್ಟ ಸಸಿಯನ್ನು ಉಳಿಸಿಕೊಳ್ಳಲು ಇದೊಂದೇ ದಾರಿ. ಊರುಗೋಲನ್ನು ಅವತ್ತೇ ಚುಚ್ಚಿ. ಆಮೇಲೆ ಚುಚ್ಚಿದರೆ ಬೇರು ಕಡಿಯುತ್ತದೆ.

ಹಂತ 4: ಬೆಳವಣಿಗೆ

ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು. ನೀರು ಬೆಳಿಗ್ಗೆ, ಬುಡಕ್ಕೆ, ತಳದಿಂದ ಸೋರುವಷ್ಟು. ಎರಡು ಗೆಣ್ಣಿನವರೆಗೆ ಬೆರಳು ಮಣ್ಣಲ್ಲಿ ಇಳಿಸಿ, ಒಣಗಿದ್ದರೆ ಮಾತ್ರ ಮತ್ತೆ. ಎಲೆಗೆ ನೀರು ಎರಚಿದರೆ ಅಂಗಮಾರಿ ರೋಗವನ್ನು ನೀವೇ ಕರೆದ ಹಾಗೆ. ಮಣ್ಣಿನ ಮೇಲೆ ಒಣಹುಲ್ಲೋ ತರಗೆಲೆಯೋ ಹಾಸಿ.

ಎಲೆಯ ಕಂಕುಳಲ್ಲಿ ಬರುವ ಕುಡಿಗಳನ್ನು ಬಳ್ಳಿ ತಳಿಯಲ್ಲಿ ಬೆರಳುದ್ದ ಆಗುವ ಮೊದಲೇ ಮುರಿಯಿರಿ. ಪೊದೆ ತಳಿಯಲ್ಲಿ ಮುರಿಯಬೇಡಿ. ಅಲ್ಲಿ ಕಾಯಿ ಬರುವುದೇ ಆ ಕವಲುಗಳಲ್ಲಿ. ವಿಡಿಯೊ ನೋಡಿ ಪೊದೆ ತಳಿಯ ಕುಡಿಯನ್ನೆಲ್ಲ ಚಿವುಟಿ, ಆಮೇಲೆ ಕಾಯಿ ಬರಲಿಲ್ಲ ಅಂತ ಬೀಜದವರನ್ನು ಬೈದವರನ್ನು ನಾನೇ ನೋಡಿದ್ದೇನೆ.

ಎಲೆ ಮುದುರಿದರೆ ಯಾವ ಎಲೆ ಅಂತ ನೋಡಿ. ಕೆಳಗಿನ ಹಳೆಯ ಎಲೆ ದೋಣಿಯ ಹಾಗೆ ಮೇಲಕ್ಕೆ ಸುತ್ತಿದ್ದು, ಬಣ್ಣ ಹಸಿರೇ ಇದ್ದರೆ ಅದು ಬಿಸಿಲಿನ ಝಳ, ಬಿಟ್ಟುಬಿಡಿ. ಕುಡಿಯ ಹೊಸ ಎಲೆ ಚಿಕ್ಕದಾಗಿ, ಸುಕ್ಕುಗಟ್ಟಿ, ಅಂಚು ಹಳದಿಯಾಗಿ, ಗಿಡ ಕುಳ್ಳಗೆ ನಿಂತುಬಿಟ್ಟರೆ ಅದು ಎಲೆ ಮುಟುರು ರೋಗ. ಇದೂ ವೈರಸ್, ಹರಡುವುದು ಬಿಳಿನೊಣ. ಮನಸ್ಸು ಗಟ್ಟಿ ಮಾಡಿ ಕಿತ್ತುಹಾಕಿ. ಹಳದಿ ಅಂಟುಹಾಳೆ ಮೊದಲೇ ನೇತುಹಾಕಿದ್ದರೆ ನೊಣ ಬಂದಿದೆ ಅಂತ ಬೇಗ ತಿಳಿಯುತ್ತದೆ.

ಹಂತ 5: ಹೂವು, ಹೀಚು

ಮೊಗ್ಗು ಕಂಡ ಮೇಲೆ ಸಾರಜನಕ ಜಾಸ್ತಿ ಇರುವ ಗೊಬ್ಬರ ನಿಲ್ಲಿಸಿ. ಇಲ್ಲದಿದ್ದರೆ ಕಡು ಹಸಿರಿನ, ಎದೆಯೆತ್ತರದ, ಕಾಯಿಯೇ ಇಲ್ಲದ ಗಿಡ ನಿಮ್ಮದಾಗುತ್ತದೆ. ಪೊಟ್ಯಾಷ್ ಜಾಸ್ತಿ ಇರುವುದನ್ನು ಕೊಡಿ.

ಹೂವು ಉದುರುತ್ತಿದೆಯೇ? ಥರ್ಮಾಮೀಟರ್ ನೋಡಿ. ಹಗಲು 32 ಡಿಗ್ರಿ ದಾಟಿದರೆ, ರಾತ್ರಿಯೂ ಸೆಕೆ ಇಳಿಯದಿದ್ದರೆ, ಅಥವಾ ರಾತ್ರಿ 13 ಡಿಗ್ರಿಗಿಂತ ಕೆಳಗೆ ಹೋದರೆ ಕಾಯಿ ಕಚ್ಚುವುದಿಲ್ಲ. ‘ಹೂ ಉದುರದ ಹಾಗೆ ಮಾಡುವ’ ಔಷಧಿ ಬಾಟಲಿಗಿಂತ ಮಧ್ಯಾಹ್ನದ ನೆರಳುಬಟ್ಟೆ ಮೇಲು. ಹವೆ ಸರಿ ಇದ್ದೂ ಕಚ್ಚದಿದ್ದರೆ ಗಾಳಿ ಸಾಲದು. ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಇರುತ್ತವೆ, ಪರಾಗ ಉದುರಬೇಕು ಅಷ್ಟೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೀಟಿ. ಬಿಸಿಲಿಗೆ ಅಡ್ಡ ಹಿಡಿದು ನೋಡಿದರೆ ಹಳದಿ ಪುಡಿ ಸಣ್ಣಗೆ ಹೊಗೆಯಾಡಿದ ಹಾಗೆ ಬೀಳುವುದು ಕಾಣುತ್ತದೆ.

ಹಂತ 6: ಕಾಯಿ, ಹಣ್ಣು

ಕಾಯಿಯ ತಳ ಕಪ್ಪಾಗಿ ಚರ್ಮದ ಹಾಗಾದರೆ ಎಲ್ಲರೂ ಮೊಟ್ಟೆ ಸಿಪ್ಪೆ ಹಾಕುತ್ತಾರೆ. ಕಾಯಿಗೆ ಕ್ಯಾಲ್ಸಿಯಂ ಸಿಕ್ಕಿಲ್ಲ ಅನ್ನುವುದು ನಿಜವೇ. ಆದರೆ ಅದು ಸಾಮಾನ್ಯವಾಗಿ ಮಣ್ಣಲ್ಲಿ ಇದ್ದೇ ಇರುತ್ತದೆ, ಕಾಯಿಯವರೆಗೆ ಹೊತ್ತೊಯ್ಯಲು ನೀರು ಒಂದೇ ಸಮ ಸಿಕ್ಕಿರುವುದಿಲ್ಲ. ಎರಡು ದಿನ ಒಣಗಿಸಿ ಮೂರನೇ ದಿನ ಕೆರೆ ಮಾಡುವ ಕುಂಡಗಳಲ್ಲೇ ಇದು ಜಾಸ್ತಿ. ಮೊಟ್ಟೆ ಸಿಪ್ಪೆ ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಎಪ್ಸಮ್ ಉಪ್ಪಂತೂ ಬೇಡವೇ ಬೇಡ. ಅದರಲ್ಲಿರುವುದು ಮೆಗ್ನೀಸಿಯಂ, ಅದು ಕ್ಯಾಲ್ಸಿಯಂಗೆ ದಾರಿ ಬಿಡುವುದಿಲ್ಲ. ಕಪ್ಪಾದ ಕಾಯಿ ಕಿತ್ತು, ನೀರು ಸರಿಪಡಿಸಿ. ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ. ಹಣ್ಣು ಸೀಳುವುದಕ್ಕೂ ಕಾರಣ ಇದೇ ಏರುಪೇರು.

ಪೂರ್ತಿ ಕೆಂಪಾಗುವವರೆಗೆ ಗಿಡದಲ್ಲೇ ಬಿಡಬೇಕು ಅನ್ನುವವರ ಜೊತೆ ನಾನು ಜಗಳಕ್ಕೆ ಸಿದ್ಧ. ತಳದಲ್ಲಿ ನಸುಗೆಂಪು ಕಂಡ ದೋರಗಾಯಿಯನ್ನೇ ಕೊಯ್ಯಿರಿ. ಹಕ್ಕಿಗೂ ಸಿಗುವುದಿಲ್ಲ, ಸೀಳುವುದೂ ಇಲ್ಲ, ಮನೆಯೊಳಗೆ ನೆರಳಲ್ಲಿ ಚೆನ್ನಾಗಿ ಹಣ್ಣಾಗುತ್ತದೆ. ಹಣ್ಣಾಗಲು ಬಿಸಿಲು ಬೇಕಿಲ್ಲ. ಬದಲಿಗೆ 30 ಡಿಗ್ರಿ ದಾಟಿದ ಸೆಕೆಯಲ್ಲಿ ಕೆಂಪು ಬಣ್ಣ ಸರಿಯಾಗಿ ಕಟ್ಟದೆ ಹಣ್ಣು ಕಿತ್ತಳೆಯಾಗಿಯೇ ಉಳಿಯುತ್ತದೆ. ಫ್ರಿಜ್ಜಿಗೆ ಮಾತ್ರ ಇಡಬೇಡಿ, ರುಚಿ ಸಾಯುತ್ತದೆ.

ಗಿಡ ಒಣಗಿದ ಮೇಲೆ ಉಳಿದ ಹಸಿರು ಕಾಯಿಗಳನ್ನು ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಿ. ಬೆಳೆದು ಬಲಿತವು ಒಂದೊಂದಾಗಿ ಬಣ್ಣ ತಿರುಗುತ್ತವೆ, ಎಳೆಯವು ಸುಕ್ಕಾಗುತ್ತವೆ. ಆ ಕುಂಡದ ಮಣ್ಣಿಗೆ ಮುಂದಿನ ಸಲ ಟೊಮೆಟೊ, ಬದನೆ, ಮೆಣಸಿನಕಾಯಿ ಯಾವುದೂ ಬೇಡ. ಮೂರೂ ಒಂದೇ ಬಳಗ, ರೋಗವೂ ಒಂದೇ. ಬೀನ್ಸ್ ಹಾಕಿ.